ಉರಿಯದ ಎಬಿಎಸ್ ದೀಪ

ಕಮರಿಗೆ ಇಳಿಯಬೇಕು, ಬಿದ್ದ ಪಿಕಪ್‌ನ ಮೀಟರನ್ನೂ ಮುಂದಿನ ಚಕ್ರದ ಸೆನ್ಸರನ್ನೂ ಬಿಚ್ಚಿ ತರಬೇಕು, ಮಳೆ ಜೋರಾಗುವುದರೊಳಗೆ ಮೇಲೆ ಬರಬೇಕು. ಕೆಲಸ ಇಷ್ಟೇ. ಆದರೆ ಬೆಳಿಗ್ಗೆ ಕೊಲ್ಲೂರು ಘಾಟಿ ಹತ್ತುವಾಗ ತ್ರಾಸಿಯ ಜಲಜಳ ಕಣ್ಣ ಮುಂದಿದ್ದದ್ದು ಮೀಟರಲ್ಲ, ಗೋವರ್ಧನನ ಮುಖ.

ಅವಳ ತಮ್ಮ ರತನ್, ಗೋವರ್ಧನನ ಪಿಕಪ್‌ನಲ್ಲಿ ಘಟ್ಟದ ಮೇಲಿನ ಊರುಗಳಿಗೆ ಮೀನು ಸಾಗಿಸುತ್ತಿದ್ದವನು. ಹಿಂದಿನ ತಿಂಗಳು ಘಾಟಿ ಇಳಿಯುವಾಗ ತಿರುವಿನಲ್ಲಿ ಗಾಡಿ ಸಮೇತ ಕಮರಿಗೆ ಬಿದ್ದ. ಹೆಣ ಮೇಲೆ ತಂದರು. ಗಾಡಿ ಎತ್ತಲು ಕ್ರೇನಿನ ಹಗ್ಗ ಸಾಲಲಿಲ್ಲ. ಗೋವರ್ಧನ ಮೀನು ಮಾರ್ಕೆಟ್ಟಿನಲ್ಲಿ ನಿಂತು, "ರಾತ್ರಿ ಇಡೀ ಇಸ್ಪೀಟ್ ಆಡಿ ನಿದ್ದಿಗಣ್ಣಗೆ ಗಾಡಿ ಬಿಟ್ಟ ಕಾಣಿ" ಎಂದ. ಊರು ನಂಬಿತು.

ಜಲಜ ನಂಬಲಿಲ್ಲ. ಅವಳೂ ಮೀನಿನ ಪಿಕಪ್ ಓಡಿಸುವವಳೇ. ರತನ್‌ನ ಗೆಳೆಯ, ಬ್ರಹ್ಮಾವರದ ಮೆಕ್ಯಾನಿಕ್ ಶೇಖರನನ್ನು ಆ ತಿರುವಿಗೆ ಕರೆತಂದು, ರಸ್ತೆಯಂಚಿನ ಕೆಸರಲ್ಲಿ ಉಳಿದಿದ್ದ ಎರಡು ನೆಟ್ಟನೆಯ ಗೀರುಗಳನ್ನು ತೋರಿಸಿದ್ದಳು.

"ಟಯರ್ ಉರುಳಿರೆ ಅದ್ರ ಗುರ್ತ್ ಬೀಳ್ಕ್, ಜಲಜಕ್ಕ. ಇದ್ ಬರೀ ಗೀರ್," ಎಂದಿದ್ದ ಶೇಖರ. "ಬ್ರೇಕ್ ಒತ್ತಿದ, ಚಕ್ರ ಬಿಗ್ದ್ ಜಾರಿತ್. ಜಾರು ಚಕ್ರ ಸ್ಟಿಯರಿಂಗ್ ಮಾತ್ ಕೇಂತಿಲ್ಲೆ."

"ಎಬಿಎಸ್ ಇಪ್ಪ ಗಾಡಿಯಲ್ದಾ ಅದ್?"

"ಅದೇ ನಾ ಹೇಳುದ್. ಚಕ್ರದ ಹತ್ರ ಒಂದ್ ಸೆನ್ಸರ್ ಇರತ್ತ್. ಚಕ್ರ ಎಷ್ಟ್ ಬೇಗ ತಿರ್ಗತ್ತ್ ಅಂದ್ ಎಬಿಎಸ್ ಪೆಟ್ಟಿಗಿಗೆ ಹೇಳ್ತಾ ಇರತ್ತ್. ಬ್ರೇಕ್ ಒತ್ತಿದಾಗ ಚಕ್ರ ನಿಂತೇ ಹೋಪುಕ್ ಹೊರ್ಟ್ರೆ ಪೆಟ್ಟಿಗಿ ಆ ಚಕ್ರದ ಬ್ರೇಕ್ ಚೂರ್ ಬಿಡತ್ತ್, ಮತ್ತೆ ಹಿಡಿತ್ತ್, ಮತ್ತೆ ಬಿಡತ್ತ್. ಕಣ್ ಮಿಟ್ಕಿಸುದ್ರೊಳ್ಗೆ ಎಷ್ಟೋ ಸಲ. ಚಕ್ರ ಉರುಳ್ತಾ ಇರತ್ತ್, ಗಾಡಿ ತಿರ್ಗತ್ತ್. ಮೀನಿನ ಉಪ್ಪುನೀರ್ ಇಳ್ದ್ ಸೆನ್ಸರ್ ಹಾಳಾರೆ ಎಬಿಎಸ್ ಬಂದ್. ಬ್ರೇಕ್ ಇರತ್ತ್, ಈ ಬುದ್ಧಿ ಇರುದಿಲ್ಲೆ. ಆಗ ಮೀಟರಗೆ ದೀಪ ಹತ್ಕಂಡೇ ಇರ್ಕ್."

ಜಲಜಳಿಗೆ ನೆನಪಾಯಿತು. ಧಣಿ ಗಾಡಿ ಸರಿ ಮಾಡಿಸಿದರು, ಈಗ ಆ ದೀಪವೇ ಬರುವುದಿಲ್ಲ, ಕೀ ತಿರುಗಿಸಿದಾಗಲೂ ಬರುವುದಿಲ್ಲ ಎಂದು ರತನ್ ಒಮ್ಮೆ ಹೇಳಿದ್ದ.

ಶೇಖರ ತಟ್ಟನೆ ಅವಳತ್ತ ತಿರುಗಿದ. "ಕೀ ತಿರ್ಗ್ಸಿದಾಗ ಅದ್ ಒಂದ್ ಗಳ್ಗಿ ಆರೂ ಹತ್ತುಕೇ ಬೇಕ್. ಯಾರೋ ದೀಪವನ್ನೇ ಮುಚ್ಚಿದ್ರ್."

ಅರಣ್ಯ ಇಲಾಖೆಯವರ ಒಪ್ಪಿಗೆ ಸಿಕ್ಕಿದ ಮರುದಿನವೇ ಜಲಜಳ ಪಿಕಪ್‌ನಲ್ಲಿ ಹೊರಟರು. ಹಗ್ಗ ಹಿಡಿದು ಜೊತೆಗೆ ಬಂದವನು ಶೀನ. ಕೊಲ್ಲೂರು ಕಾಡಿನಲ್ಲಿ ಜೇನು ಕೀಳುತ್ತಾ ನಡುವಯಸ್ಸು ದಾಟಿದವನು. ತಿರುವು ತಲುಪುತ್ತಲೇ ಮೂವರೂ ನಿಂತರು. ಮರದ ಮರೆಯಲ್ಲಿ ಗೋವರ್ಧನನ ಕೆಂಪು ಬೈಕು.

"ಸುದ್ದಿ ಹೋಯ್ತ್," ಎಂದ ಶೇಖರ.

"ಬೇಗ ಇಳಿ," ಎಂದಳು ಜಲಜ.

ಕಮರಿ ಮೇಲಿನಿಂದ ಕಂಡಷ್ಟು ಸುಲಭವಿರಲಿಲ್ಲ. ಮರಗಳ ಬೇರುಗಳು ಬಂಡೆಯನ್ನು ಅಪ್ಪಿ ಹಿಡಿದಿದ್ದವು, ಬಂಡೆಯ ಮೇಲೆಲ್ಲ ಪಾಚಿ. ಬಿಸಿಲು ಎಲೆಗಳ ಮೇಲೆಯೇ ಉಳಿದು, ಕೆಳಗೆ ಹಸಿರು ಮಬ್ಬು ಮಾತ್ರ ಇತ್ತು. ಬೆತ್ತದ ಮುಳ್ಳು ಅಂಗಿ ಹಿಡಿದೆಳೆಯಿತು, ಇಂಬಳ ಕಾಲು ಹತ್ತಿತು. ಎಲ್ಲೋ ಕೆಳಗೆ ತೊರೆಯ ಸದ್ದು. ದೂರದ ಕೊಡಚಾದ್ರಿಯ ಕಡೆ ಮೋಡ ಕಪ್ಪಗೆ ಕೂತಿತ್ತು.

ಶೀನ ಮರಕ್ಕೆ ಹಗ್ಗ ಬಿಗಿದ. ಜಲಜ ಮೊದಲು ಇಳಿದಳು.

ಕಾಲು ಜಾರಿತು. ಭುಜ ಬಂಡೆಗೆ ಬಡಿಯಿತು. ಅಂಗೈ ಸುಲಿಯಿತು. ಅವಳು ಹಗ್ಗ ಬಿಡಲಿಲ್ಲ. ಉಳಿದಿಬ್ಬರು ಅವಳ ಹಿಂದೆಯೇ ಇಳಿದರು.

ತಳದಲ್ಲಿ, ತೊರೆಯ ಮೇಲೆ ಎರಡು ಬಂಡೆಗಳ ನಡುವೆ ಪಿಕಪ್ ಮೂತಿ ಕೆಳಗಾಗಿ ಸಿಕ್ಕಿಕೊಂಡಿತ್ತು. ಒಳಗಿಂದ ಟಕ್ ಟಕ್ ಎಂಬ ಸದ್ದು. ಗೋವರ್ಧನ ಮೀಟರ್ ಕೀಳುತ್ತಿದ್ದ.

ಅವಳನ್ನು ಕಂಡದ್ದೇ ಮೀಟರನ್ನು ಅಂಗಿಯೊಳಗೆ ತುರುಕಿ ಹೊರಗೆ ಹಾರಿದ. ಹಾರಿದ ರಭಸಕ್ಕೆ ಗಾಡಿ ಕಿರುಗುಟ್ಟಿ ವಾಲಿತು. ಅವನು ಪಾಚಿಯ ಮೇಲೆ ಜಾರಿ ತೊರೆಗೆ ಬಿದ್ದ. ಕಾಲು ಲಟಕ್ಕೆಂದದ್ದು ಮೂವರಿಗೂ ಕೇಳಿತು. ಒಂದು ಬೇರು ಕೈಗೆ ಸಿಕ್ಕಿತು, ಅದಕ್ಕೇ ಜೋತುಬಿದ್ದ.

ಮೇಲೆಲ್ಲೋ ಮಳೆ ಸುರಿದಿತ್ತು. ತೊರೆ ಕೆಂಪಾಗಿ ಏರತೊಡಗಿತು.

"ಜಲಜ, ಕೈ ಕೊಡ್ ಮಾರಾಯ್ತಿ."

"ಮೀಟರ್ ಕೊಡ್."

ಅಂಗಿಯೊಳಗಿಂದ ತೆಗೆದು ಒಂದು ಕೈಯಲ್ಲಿ ಚಾಚಿದ. ಶೇಖರ ಅದನ್ನು ತೆಗೆದುಕೊಂಡು ಬಿಚ್ಚಿ ನೋಡಿದ. ಎಬಿಎಸ್ ದೀಪದ ಮೇಲೆ ಅಳತೆಗೆ ಸರಿಯಾಗಿ ಕತ್ತರಿಸಿದ ಕಪ್ಪು ಟೇಪು. ಮುಂದಿನ ಚಕ್ರಕ್ಕೆ ಕೈ ಹಾಕಿದರೆ ತುಕ್ಕು ತಿಂದ ಸೆನ್ಸರ್, ತುದಿ ಮಡಚಿ ಕಟ್ಟಿದ ತಂತಿ. ಬಿದ್ದಾಗ ಹರಿದದ್ದಲ್ಲ.

ಜಲಜ ಕೈ ಕೊಡಲಿಲ್ಲ. ಅವನೆದುರು ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತಳು.

"ಟೇಪ್ ಯಾರ್ ಹಾಕದ್?"

"ನಾನೇ."

"ಎಂತಕೆ?"

"ಸೀಸನ್ನಗೆ ಗಾಡಿ ನಿಲ್ಸುಕೆ ಆಯ್ತಿಲ್ಲೆ. ದೀಪ ಹತ್ತಿರೆ ಘಾಟಿಗೆ ಗಾಡಿ ಬಿಡುದಿಲ್ಲೆ ಅಂದಿದ್ದ, ರತನ್."

ನೀರು ಅವನ ಎದೆ ಮುಟ್ಟಿತು. ಬೇರು ಹಿಡಿದ ಬೆರಳುಗಳು ಜಲಜಳ ಕಾಲ ಬಳಿಯೇ ಇದ್ದವು. ಅವಳು ಎದ್ದು ನಿಂತಳು. ಅವುಗಳ ಮೇಲೆ ಒಂದು ಹೆಜ್ಜೆ ಇಟ್ಟರೆ ಸಾಕಿತ್ತು. ಇಡಬೇಕೆಂದು ಮೈಯೆಲ್ಲ ಹೇಳುತ್ತಿತ್ತು.

"ಜಲಜಕ್ಕ, ನೀರ್ ಏರ್ತಾ ಇತ್ತ್," ಎಂದ ಶೀನ ಮೆಲ್ಲಗೆ.

"ಏರ್ಲಿ."

ನೀರು ಕುತ್ತಿಗೆಗೆ ಬಂತು. ಗೋವರ್ಧನ ಬೇರನ್ನು ಬಿಗಿಯಾಗಿ ಹಿಡಿದು ಅವಳನ್ನೇ ನೋಡಿದ. ಆ ಕಣ್ಣಿನಲ್ಲಿದ್ದ ಹೆದರಿಕೆಯನ್ನು ಅವಳು ಸಾಕೆನಿಸುವಷ್ಟು ನೋಡಿದಳು.

"ಇಲ್ಲಿ ಸತ್ರೆ ಊರ್ ನಿಂಗೂ ಅಳತ್ತ್," ಎಂದಳು. "ಅದ್ ನಿಂಗೆ ಸಿಕ್ಕುಕಾಗ. ನೀ ಬದ್ಕಿ ಎಲ್ಲರೆದ್ರ್ ಹೇಳ್ಕ್. ಹಗ್ಗ ಹಾಕ್, ಶೀನಣ್ಣ."

ಎಳೆದು ಹಾಕಿದ ಗಳಿಗೆಯಲ್ಲೇ ಬೇರು ನೀರಿನಡಿಗೆ ಹೋಯಿತು. ಮುರಿದ ಕಾಲಿಗೆ ಬೆತ್ತ ಕಟ್ಟಿದರು. ಆಮೇಲಿನದು ಬರೀ ಹತ್ತುವುದು. ಶೀನ ಮೇಲಿನಿಂದ ಎಳೆದ, ಶೇಖರ ಕೆಳಗಿನಿಂದ ನೂಕಿದ. ಜಲಜ ಸುಲಿದ ಅಂಗೈಗಳಿಂದಲೇ ಅವನ ಭಾರ ಹೊತ್ತಳು. ನೋವಿಗೆ ಅವನು ಕೂಗಿದರೂ ಅವಳು ನಿಲ್ಲಲಿಲ್ಲ. ರಸ್ತೆ ಮುಟ್ಟುವಾಗ ಮಧ್ಯಾಹ್ನ ಕಳೆದು ಮಳೆ ಹಿಡಿದಿತ್ತು.

ಅವನನ್ನು ಪಿಕಪ್‌ನಲ್ಲಿ ತನ್ನ ಪಕ್ಕದ ಸೀಟಿನಲ್ಲೇ ಕೂರಿಸಿದಳು. ಉಳಿದಿಬ್ಬರು ಹಿಂದೆ ಟಾರ್ಪಾಲಿನಡಿ ಕೂತರು.

ಎರಡು ತಿರುವು ಇಳಿದಿರಬೇಕು. ಕಾಡಿನಿಂದ ಕಡವೆಯೊಂದು ರಸ್ತೆಗೆ ಹಾರಿತು.

ಜಲಜ ಬ್ರೇಕನ್ನು ತುಳಿದಳು, ಪೂರ್ತಿ. ಎಬಿಎಸ್ ಬ್ರೇಕನ್ನು ಹಿಡಿದು ಬಿಡುತ್ತಿದ್ದಂತೆ ಪೆಡಲು ಅವಳ ಪಾದದಡಿ ಗಡಗಡ ನಡುಗಿತು. ಕಾಲು ತೆಗೆಯಲಿಲ್ಲ. ಸ್ಟಿಯರಿಂಗ್ ತಿರುಗಿಸಿದಳು. ಒದ್ದೆ ರಸ್ತೆಯಲ್ಲೂ ಗಾಡಿ ಮಾತು ಕೇಳಿತು. ಕಡವೆಯ ಬದಿಯಿಂದ ಸರಿದು ಕಮರಿಯ ಈಚೆಗೇ ನಿಂತಿತು.

ಕಡವೆ ಕಾಡಿನೊಳಗೆ ಮರೆಯಾಯಿತು.

"ಕಂಡ್ಯಾ?" ಎಂದಳು, ಅವನತ್ತ ತಿರುಗದೆ. "ಇಷ್ಟೇ ಬೇಕಿದ್ದದ್ದ್ ನನ್ ತಮ್ಮಂಗೆ."

ಗೋವರ್ಧನ ತಲೆ ತಗ್ಗಿಸಿದ.

ಕುಂದಾಪುರದ ಆಸ್ಪತ್ರೆಗೆ ಪೊಲೀಸರು ಬಂದರು. ಮಾರ್ಕೆಟ್ಟಿನವರೂ ಬರಬೇಕೆಂದು ಜಲಜ ಹಟ ಹಿಡಿದಳು, ಬಂದರು. ಮೀಟರು, ಸೆನ್ಸರು ಎರಡನ್ನೂ ಮಂಚದ ಮೇಲಿಟ್ಟಳು. ಗೋವರ್ಧನ ಹೇಳಿದ. ದನಿ ತಗ್ಗಿದಾಗ ಅವಳೆಂದಳು: "ಹಿಂದೆ ನಿಂತವ್ರಿಗೆ ಕೇಂತಿಲ್ಲೆ." ಅವನು ಮತ್ತೊಮ್ಮೆ ಹೇಳಿದ.

ಅವಳ ಸಿಟ್ಟು ಅದರಿಂದ ಇಳಿಯಲಿಲ್ಲ. ಆದರೆ ತಿಂಗಳಿಂದ ಬಿಗಿದಿದ್ದ ದವಡೆ ಸಡಿಲಾಯಿತು.

ತ್ರಾಸಿಗೆ ಬಂದಾಗ ಕಡಲ ಮೇಲೆ ಇನ್ನೂ ಬೆಳಕಿತ್ತು. ರತನ್‌ನ ಹೆಂಡತಿ ಪೂಜಿತಾ ಅಂಗಳದಲ್ಲಿ ನಿಂತಿದ್ದಳು. ಜಲಜ ಎಲ್ಲ ಹೇಳಿದಳು. ಪೂಜಿತಾ ಕೇಳಿದ್ದು ಒಂದೇ ಮಾತು.

"ಹಾಂಗಾರೆ ಅತ್ಗೆ, ಅವ್ರ್ ಬ್ರೇಕ್ ಒತ್ತಿದ್ರಾ?"

"ಒತ್ತಿದ್ದ. ತಿರ್ಗ್ಸುಕೂ ಹೊರ್ಟಿದ್ದ."

ಪೂಜಿತಾ ಕಣ್ಣೊರೆಸಿಕೊಂಡಳು. ನೇರ ಬೇಲಿಯ ಹತ್ತಿರ ಹೋಗಿ, ಇಷ್ಟು ದಿನ ತಲೆಯೆತ್ತಿ ನೋಡದಿದ್ದ ಪಕ್ಕದ ಮನೆಯತ್ತ ದನಿಯೆತ್ತಿದಳು.

"ಹ್ವಾಯ್, ಸುಗುಣಕ್ಕ, ಇಲ್ಲಿ ಬನ್ನಿ. ನಮ್ಮನೆಯವ್ರ್ ನಿದ್ದಿ ಮಾಡಿರ್ಲಿಲ್ಲೆ."