ಕೆಳಗಿನ ಕೋಣೆಗೆ ಬಿದ್ದ ನೀರು

ಬೀಗ ತೆಗೆದವನು ಬ್ರೋಕರ್. ಮೊದಲು ಕೂಗಿಕೊಂಡವನೂ ಅವನೇ.

"ಅಯ್ಯೋ ದೇವ್ರೇ! ಇದೇನಿದು?"

ನಾವೆಲ್ಲ ಅವನ ಹಿಂದೆ ನುಗ್ಗಿದೆವು. ಕೆಳಗಿನ ಮಲಗುವ ಕೋಣೆಯ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನೆಲದ ಮೇಲೆ ನೀರು ನಿಂತಿತ್ತು. ಹೊಸದಾಗಿ ಬಳಿದ ಬಣ್ಣ ಗುಳ್ಳೆ ಎದ್ದಂತೆ ಉಬ್ಬಿತ್ತು. ಮನೆ ಕೊಳ್ಳಲು ಬಂದಿದ್ದ ಗಂಡ ಹೆಂಡತಿ ಹೊಸ್ತಿಲಲ್ಲೇ ನಿಂತುಬಿಟ್ಟರು. ಗಂಡ ಔಷಧದಂಗಡಿಯವನು, ಹೆಂಡತಿ ಟೀಚರ್. ಇಬ್ಬರೂ ಮನೆ ನೋಡಿ ನೋಡಿ ಸೋತಿದ್ದರು. ಬಾಡಿಗೆ ಮನೆ ಖಾಲಿ ಮಾಡುವ ದಿನ ಹತ್ತಿರ ಬಂದಿತ್ತು.

"ಇದೂ ಹೋಯ್ತಾ?" ಎಂದಳು ಟೀಚರ್. ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿಯೂ ಆ ದನಿಯಲ್ಲಿರಲಿಲ್ಲ.

ಕೊಳ್ಳುವ ಮುಂಚೆ ಮನೆ ತಪಾಸಣೆ ಮಾಡಿಕೊಡಿ ಎಂದು ಅವರು ಕರೆಸಿದ್ದು ಟಾರ್ಚಮ್ಮನನ್ನು. ಅದು ಅವರ ಹೆಸರಲ್ಲ. ಹಗಲಲ್ಲೂ ಕೈಯಲ್ಲಿ ಟಾರ್ಚ್ ಇರುತ್ತದೆಂದು ಬ್ರೋಕರ್‌ಗಳು ಇಟ್ಟ ಅಡ್ಡಹೆಸರು. ಸಿವಿಲ್ ಎಂಜಿನಿಯರ್. ಮಂಡಿ ನೋವಿನವರು. ಮೆಟ್ಟಿಲು ಕಂಡರೆ ನಿಟ್ಟುಸಿರು ಬಿಡುವವರು. ನಾನು ಅವರ ಜೊತೆ ಫೋಟೊ ತೆಗೆಯುತ್ತೇನೆ. ಎಷ್ಟೋ ವರ್ಷದಿಂದ ನಮ್ಮಿಬ್ಬರದೂ ಅದೇ ಕೆಲಸ: ಬೇರೆಯವರ ಬಚ್ಚಲು, ಬೇರೆಯವರ ಬಿರುಕು.

"ಫೋಟೊ ತೆಗೀರಿ. ಯಾವುದನ್ನೂ ಮುಟ್ಬೇಡಿ," ಎಂದರು ಟಾರ್ಚಮ್ಮ.

ತೆಗೆದೆ. ಸೂರು. ಗೋಡೆ. ನೀರು. ಬೀರುವಿನ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ ಮರದ ಮಂಚ. ಸಾಣೆ ಹಿಡಿದ ಕತ್ತಿಯಂತೆ ಹೊಳೆಯುವ ಕಿಟಕಿಯ ಗಾಜು.

ಅಷ್ಟರಲ್ಲಿ ಮನೆಯ ಯಜಮಾನ ಬಂದ. ಪ್ರೆಸ್ಸಿನಲ್ಲಿ ರಾತ್ರಿ ಪಾಳಿ. ಅಂಗಿಯ ತೋಳಿನ ಮೇಲೆ ಮಸಿ, ಕಣ್ಣಲ್ಲಿ ನಿದ್ದೆ. ಗುಂಪನ್ನೂ ನೀರನ್ನೂ ನೋಡಿದ. ಬಟ್ಟೆ ಬದಲಿಸಲೆಂದು ಬೀರುವಿನತ್ತ ಹೋದವನು ಬಾಗಿಲು ತೆರೆಯಲಾಗದೆ ಗೊಣಗಿದ:

"ಇದನ್ಯಾರು ಇಲ್ಲಿ ತಂದಿಟ್ಟಿದ್ದು?"

ಎಲ್ಲರ ಕಣ್ಣೂ ಸೂರಿನ ಮೇಲಿತ್ತು.

"ಮೇಲ್ಗಡೆ ಏನಿದೆ?" ಟಾರ್ಚಮ್ಮ ಕೇಳಿದರು.

"ಬಚ್ಚಲು," ಎಂದ ಯಜಮಾನ. "ಅವರನ್ನೇ ಕೇಳಿ. ಮೇಲಿರೋದು ಅವರು."

'ಅವರು' ಎಂದರೆ ಅವನ ಹೆಂಡತಿ. ಬ್ರೋಕರ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಗಂಡ ಹೆಂಡತಿ ಬೇರೆಯಾಗುತ್ತಿದ್ದಾರೆ. ಮನೆ ಮಾರಿ ಅವರವರ ದಾರಿ ಹಿಡಿಯುವುದೆಂದು ಮಾತಾಗಿದೆ. ಅಲ್ಲಿಯವರೆಗೆ ಅವಳು ಮೇಲೆ, ಇವನು ಕೆಳಗೆ. ಮಾತುಕತೆ ಬಂದ್. ಏನಿದ್ದರೂ ಬ್ರೋಕರ್ ಮೂಲಕವೇ.

"ಬೇರೆಯಾಗೋಣ ಅಂದವರು ಯಾರು?" ಎಂದು ಕೇಳಿದೆ.

"ಆಯಮ್ಮನೇ. ಮನೆ ಮಾರಿ ಅಂತ ನನಗೆ ಫೋನ್ ಮಾಡಿದ್ದೂ ಆಯಮ್ಮನೇ."

ಮನೆಯೊಳಗಿನ ಮೆಟ್ಟಿಲಿನಿಂದ ಮೇಲೆ ಹತ್ತಿದೆವು. ಟಾರ್ಚಮ್ಮ ಮೆಟ್ಟಿಲ ಕಂಬಿ ಹಿಡಿದು ನಡುವೆ ಒಮ್ಮೆ ನಿಂತರು. ಬಾಗಿಲು ತೆಗೆದ ಹೆಂಗಸಿನ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಟೈಲರ್. ಹೊಲಿಗೆ ಯಂತ್ರದ ಪಕ್ಕ ಅರ್ಧ ಹೊಲಿದ ಸಮವಸ್ತ್ರಗಳ ರಾಶಿ.

"ಹಳೇ ಪೈಪು," ಎಂದಳು. "ಒಡ್ದಿರ್ಬೇಕು. ನನಗೇನೂ ಗೊತ್ತಾಗ್ಲಿಲ್ಲ, ಮಲಗಿದ್ದೆ."

ಪೈಪು ಒಡೆದಿರಲಿಲ್ಲ. ಟಾರ್ಚಮ್ಮ ಕಷ್ಟಪಟ್ಟು ಬಗ್ಗಿ ಬೇಸಿನ್ ಕೆಳಗೆ ಬೆಳಕು ಬಿಟ್ಟರು. ಹಿತ್ತಾಳೆಯ ನಟ್ಟು ಸಡಿಲವಾಗಿತ್ತು. ಅದರ ಮೂಲೆಗಳಲ್ಲಿ ಹೊಸ ಗೀರುಗಳು ಮಿನುಗುತ್ತಿದ್ದವು. ಅಲ್ಲಿಂದ ಹರಿದ ನೀರು ಪೈಪು ಇಳಿಯುವ ತೂತಿನಿಂದ ಕೆಳಗೆ ಹೋಗುತ್ತಿತ್ತು. ಅವರು ಕೊಳಾಯಿ ತಿರುಗಿಸಿ ನೀರು ನಿಲ್ಲಿಸಿದರು.

"ಯಾರೋ ಸ್ಪ್ಯಾನರ್ ಹಾಕಿ ಬಿಚ್ಚಿದ್ದಾರೆ. ಇದು ಮನೆಯ ರೋಗ ಅಲ್ಲ, ಮನುಷ್ಯರ ಕೆಲಸ."

ಅಲ್ಲಿಂದ ಶುರುವಾಯಿತು.

"ಬ್ರೋಕರ್‌ದೇ ಇರುತ್ತೆ!" ಯಜಮಾನ ಮೆಟ್ಟಿಲ ಬುಡದಿಂದಲೇ ಕೂಗಿದ. "ಇವರಿಗೆ ಜಾಸ್ತಿ ಕಮಿಷನ್ ಸಿಗೋ ಇನ್ನೊಂದು ಮನೆ ತೋರಿಸ್ಬೇಕು ಅಂತ ಓಡಾಡ್ತಿದ್ದಾನೆ. ನಿನ್ನೆ ಸಂಜೆ ಮೇಲೆ ಹತ್ತುತೀನಿ ಅಂತ ಫೋನಲ್ಲಿ ಅವನೇ ಹೇಳಿದ್ದ!"

"ಫೋಟೊ ತೆಗೆಯೋಕೆ ಹತ್ತಿದ್ದೆ ಸ್ವಾಮಿ! ಸ್ಪ್ಯಾನರ್ ಇರೋದು ನಿಮ್ಮ ಕೋಣೇಲಿ. ಮನೆ ಮಾರೋಕೆ ಮನಸ್ಸಿಲ್ಲದೆ ಮುಖ ಗಂಟು ಹಾಕ್ಕೊಂಡಿರೋರು ನೀವು!"

"ನಾನು ಆ ಮೆಟ್ಟಿಲು ತುಳಿದು ಎಷ್ಟು ದಿನ ಆಯ್ತೋ ಅವರನ್ನೇ ಕೇಳಿ. ಒಳಗಿಂದ ಚಿಲಕ ಹಾಕ್ಕೊಂಡಿರ್ತಾರೆ."

"ಹೌದು. ಅವರು ಬಂದಿಲ್ಲ," ಎಂದಳು ಟೈಲರ್, ಗೋಡೆಯತ್ತ ನೋಡುತ್ತ.

ಟಾರ್ಚಮ್ಮ ಕುರ್ಚಿ ಕೇಳಿದರು. ಕೆಳಗೆ, ಆ ಒದ್ದೆ ಕೋಣೆಯಲ್ಲೇ ಕುಳಿತು ಮಂಡಿ ಉಜ್ಜಿಕೊಂಡರು. ಎಲ್ಲರನ್ನೂ ಕರೆಸಿದರು.

"ನೀವು ನಿನ್ನೆ ಕೆಲಸಕ್ಕೆ ಹೋಗೋವಾಗ ಈ ಕೋಣೆ ಹೇಗಿತ್ತು?"

"ಹೇಗಿತ್ತು ಅಂದ್ರೆ? ಎದ್ದೆ, ಮುಖ ತೊಳೆದೆ, ಹೋದೆ. ಒಣಗೇ ಇತ್ತು," ಎಂದ ಯಜಮಾನ.

"ಬ್ರೋಕರೇ, ನೀವು ಬಂದಿದ್ದು?"

"ಇವರು ಹೋದ ಮೇಲೆ. ಮೇಲಿನ ಫೋಟೊ ತೆಗೆದೆ, ಆಯಮ್ಮ ಪಕ್ಕದಲ್ಲೇ ನಿಂತಿದ್ರು, ಇಳಿದು ನನ್ನ ಹತ್ರ ಇರೋ ಕೀಲಿಯಿಂದ ಮುಂಬಾಗಿಲಿಗೆ ಬೀಗ ಹಾಕ್ಕೊಂಡು ಹೋದೆ."

"ನಿಜವೇನಮ್ಮಾ? ಪಕ್ಕದಲ್ಲೇ ಇದ್ರಾ?"

ಅವಳು ತುಸು ತಡೆದು ಹೌದೆಂದು ತಲೆಯಾಡಿಸಿದಳು.

"ಹಾಗಿದ್ರೆ ಈ ಮಂಚ ಎಳೆದವರು ಯಾರು?"

ಯಜಮಾನ ಬ್ರೋಕರ್‌ನನ್ನು ನೋಡಿದ. ಬ್ರೋಕರ್ ಯಜಮಾನನನ್ನು ನೋಡಿದ.

"ನೀರು ಬೀಳೋದು ನೋಡಿ ಇವರೇ ಸರಿಸಿರ್ಬೇಕು ಅಂದ್ಕೊಂಡೆ," ಎಂದ ಬ್ರೋಕರ್.

"ನೀವು ನಮ್ಮ ಜೊತೇಲೇ ಒಳಗೆ ಬಂದಿದ್ದು. ಅವರು ಬಂದಿದ್ದು ನಮ್ಮ ಕಣ್ಣೆದುರಿಗೆ," ಎಂದರು ಟಾರ್ಚಮ್ಮ. ಟಾರ್ಚನ್ನು ನೆಲದತ್ತ ತಿರುಗಿಸಿದರು. ನಿಂತ ನೀರಿನ ಸುತ್ತ ನಾಲ್ಕು ಕಡೆ ಮಂಚದ ಕಾಲುಗಳು ವರ್ಷಗಟ್ಟಲೆ ಒತ್ತಿದ ಗುರುತು. "ಮಂಚ ಇದ್ದ ಜಾಗ ಇದು. ನೀರು ಬಿದ್ದಿರೋದು ಸರಿಯಾಗಿ ಇದರ ಮೇಲೆ. ಈಗ ಹಾಸಿಗೆ ಮುಟ್ಟಿ ನೋಡಿ."

ಟೀಚರ್ ಮುಟ್ಟಿದಳು. "ಒಂದು ಹನೀನೂ ಇಲ್ಲ."

"ನೀರು ಬಿದ್ದ ಮೇಲೆ ಎಳೆದಿದ್ರೆ ಹಾಸಿಗೆ ನೆನೆದಿರೋದು. ಅಂದ್ರೆ ನೀರು ಬೀಳೋ ಮೊದಲೇ ಯಾರೋ ಎಳೆದಿದ್ದಾರೆ. ನೀರು ಬೀಳುತ್ತೆ ಅಂತ ಯಾರಿಗೆ ಮೊದಲೇ ಗೊತ್ತಿತ್ತು? ನಟ್ಟು ಬಿಚ್ಚಿದವರಿಗೆ ಮಾತ್ರ." ಅವರು ದಣಿದವರಂತೆ ಹಿಂದಕ್ಕೊರಗಿದರು. "ಬ್ರೋಕರ್‌ಗೆ ಯಾರ ಹಾಸಿಗೆ ನೆನೆದ್ರೆ ಏನು? ಅವರಿಗೆ ನಟ್ಟಿಗೆ ಕೈ ಹಾಕೋಕೂ ಆಗ್ತಿರ್ಲಿಲ್ಲ, ಪಕ್ಕದಲ್ಲೇ ಇವರಿದ್ರು. ಯಜಮಾನರು ಮೇಲೆ ಹೋಗೋ ಹಾಗಿಲ್ಲ, ಚಿಲಕ. ಮೇಲಿನ ಬಚ್ಚಲಿಗೂ ಈ ಕೋಣೆಗೂ ಒಟ್ಟಿಗೆ ದಾರಿ ಇದ್ದದ್ದು ಒಬ್ಬರಿಗೇ. ನೀವು ಸ್ಪ್ಯಾನರ್ ತಗೊಳ್ಳೋಕೆ ಇಳಿದು ಬಂದಾಗ ಮಂಚ ನೋಡಿದ್ರಿ. ಮಾರಾಟ ಕೆಡ್ಬೇಕು, ಆದ್ರೆ ಬೆಳಿಗ್ಗೆ ಸುಸ್ತಾಗಿ ಬರೋ ಮನುಷ್ಯ ಒದ್ದೆ ಹಾಸಿಗೆ ಮೇಲೆ ಮಲಗಬಾರದು. ಅಲ್ವೇನಮ್ಮಾ?"

ಟೈಲರ್ ಕೊರಳಿನ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನೀವು ಬಂದು ನೋಡ್ತೀರಿ, ಮನೆ ಸರಿಯಿಲ್ಲ ಅಂತೀರಿ, ಕೊಳ್ಳೋರು ಹೋಗ್ತಾರೆ ಅಂದ್ಕೊಂಡೆ," ಎಂದಳು ಕೊನೆಗೆ. "ಮಾರೋಣ ಅಂದಿದ್ದು ನಾನೇ. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಯಾರ ಹತ್ರ ಹೇಳ್ಲಿ? ಬ್ರೋಕರ್ ಹತ್ರಾನಾ?"

ಬ್ರೋಕರ್ ತಲೆ ಕೆರೆದುಕೊಂಡ.

"ತಪ್ಪಾಯ್ತಮ್ಮ," ಎಂದಳು ಟೈಲರ್, ಟೀಚರ್ ಕಡೆ ತಿರುಗಿ. "ನಿಮ್ಮನ್ನ ಅಲೆದಾಡಿಸಿಬಿಟ್ಟೆ."

ಔಷಧದಂಗಡಿಯವನು ಮೆಲ್ಲಗೆ ಕೇಳಿದ: "ಹಾಗಾದ್ರೆ ಮನೆ ಗಟ್ಟಿ ಇದೆಯಾ ಮೇಡಂ?"

"ಗಟ್ಟಿ ಇದೆ. ಒದ್ದೆ ಆರಿದ ಮೇಲೆ ಬಣ್ಣ ಹಚ್ಚಿದ್ರಾಯ್ತು," ಎಂದರು ಟಾರ್ಚಮ್ಮ. "ಆದ್ರೆ ಮಾರಾಟಕ್ಕಿದೆಯಾ ಅನ್ನೋದು ನನ್ನ ತಪಾಸಣೆಗೆ ಬರೋದಿಲ್ಲ."

ಯಜಮಾನ ಅದಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. ಮಂಚದ ಪಟ್ಟಿಯ ಮೇಲೆ ಕೈಯಿಟ್ಟು ನಿಂತಿದ್ದ. ಒಮ್ಮೆ ದೂಡಿ ನೋಡಿದ. ಅದು ಜಗ್ಗಲಿಲ್ಲ. ಆಮೇಲೆ ಬ್ರೋಕರ್‌ನನ್ನಲ್ಲ, ನೇರವಾಗಿ ಹೆಂಡತಿಯನ್ನೇ ಕೇಳಿದ:

"ಇದನ್ನ ಒಬ್ಬಳೇ ಹೇಗೆ ಎಳೆದೆ? ಸೊಂಟ ಹಿಡ್ಕೊಂಡಿಲ್ವಾ?"

"ಹಿಡ್ಕೊಂಡಿದೆ," ಎಂದಳು ಅವಳು. ಹೇಳುತ್ತಲೇ ಅಳು ಬಂತು.

ಅವಳನ್ನು ಕೂರಿಸಲು ಅವನು ಕುರ್ಚಿಗಾಗಿ ಅತ್ತಿತ್ತ ನೋಡಿದ. ಇದ್ದದ್ದು ಒಂದೇ ಕುರ್ಚಿ. ಟಾರ್ಚಮ್ಮ ಮಂಡಿ ಹಿಡಿದುಕೊಂಡು ಎದ್ದರು. ನಮಗೆಲ್ಲ ಬಾಗಿಲು ತೋರಿಸಿದರು.