ಸೀಬೆ ಮರದ ಊರುಗೋಲು

ಫಟ್!

ಕಿಬ್ಬನಹಳ್ಳಿ ಕ್ರಾಸಿನ ಅಷ್ಟು ಗದ್ದಲದಲ್ಲೂ ಆ ಸದ್ದು ಗಿರಿಜಾಂಬಿಕಾಳ ಎದೆಗೇ ಬಂದು ಬಡಿಯಿತು.

ಊರುಗೋಲು ನಡುವಿಗೆ ಮುರಿದಿತ್ತು. ಅದನ್ನು ನಂಬಿ ನಿಂತಿದ್ದ ಯುವಕ, ಹೊರಡಲು ಗುರುಗುಟ್ಟುತ್ತಿದ್ದ ಬಸ್ಸಿನ ಹಿಂದಿನ ಚಕ್ರದ ಮುಂದೆಯೇ ದೊಪ್ಪನೆ ಬಿದ್ದಿದ್ದ!

"ನಿಲ್ಸೀ...! ಡ್ರೈವರಣ್ಣಾ, ನಿಲ್ಸೀ!"

ಕೈಯಲ್ಲಿದ್ದ ಟಿಫನ್ ಬ್ಯಾಗ್ ಎಸೆದು ಓಡಿದಳು. ಬಸ್ಸಿನ ತಗಡಿಗೆ ಎರಡೂ ಕೈಯಲ್ಲಿ ದಬದಬ ಬಡಿದಳು. ಚಕ್ರ ಒಂದೇ ಒಂದು ಗೇಣು ಮುಂದೆ ಸರಿದು... ನಿಂತಿತು.

ಜನ ಓಡಿ ಬಂದರು. ಅವನನ್ನು ಎಳೆದು ಅಂಗಡಿ ಮುಂದಿನ ಬೆಂಚಿನ ಮೇಲೆ ಕೂರಿಸಿದರು. ಆದರೆ ಅವಳ ಕಣ್ಣು ಅವನ ಮೇಲಿರಲಿಲ್ಲ. ಮಣ್ಣಲ್ಲಿ ಬಿದ್ದ ಆ ತುಂಡಿನ ಮೇಲಿತ್ತು. ಗಿಣಿ ಮೂತಿ ಕೆತ್ತಲು ಹೋಗಿ ಕೋಳಿಯಾದ ಹಿಡಿ...

'ಅಯ್ಯೋ ದೇವ್ರೇ! ಇದು ನಂದು!'

ಹೌದು. ಅದು ಅವಳು ಬದುಕಿನಲ್ಲಿ ಕೆತ್ತಿದ ಮೊದಲ ಕೋಲು. ನರ್ಸರಿ ಶಾಲೆಯಲ್ಲಿ ಟೀಚರ್ ಆಗಿದ್ದ ಗಿರಿಜಾ, ಮಂಡಿ ನೋವಿನ ಅಪ್ಪನಿಗೆಂದು ಹಿತ್ತಲ ಸೀಬೆ ಕೊಂಬೆ ಕಡಿದು, ತರಕಾರಿ ಚಾಕುವಿನಲ್ಲೇ ಕೆತ್ತಿದ್ದಳು. ಆ ಅಪ್ಪ ಶ್ರೀರಂಗಯ್ಯನದೇ ಕ್ರಾಸಿನ ಈ ಟೀ ಅಂಗಡಿ.

"ಪಾಪ, ಬಸ್ಸಿಳಿಯೋಕೆ ಒದ್ದಾಡ್ತಿದ್ದ ಕಣಮ್ಮ. ಇಟ್ಕೊಳಪ್ಪ ಅಂತ ನಾನೇ ಕೊಟ್ಟೆ..." ಅಪ್ಪ ನೀರಿನ ಲೋಟ ತಂದು ಯುವಕನ ಕೈಗಿಟ್ಟ.

ಯುವಕ ನೀರು ಕುಡಿದು ಉಸಿರು ಬಿಟ್ಟ. "ಯಾವ ಪುಣ್ಯಾತ್ಮ ಕೆತ್ತಿದ್ನೋ ಇದನ್ನ!"

"ನಾನು."

ಅವನು ಗಕ್ಕನೆ ತಲೆಯೆತ್ತಿದ. ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ ಹುಡುಗಿ!

"ನಾನೇ ಕೆತ್ತಿದ್ದು ಕಣ್ರೀ. ಬೇಗ ಒಣಗ್ಲಿ ಅಂತ ಬಿಸಿಲಿಗೆ ಹಾಕಿದ್ದೆ. ಒಳಗೇ ಸೀಳಿರೋದು ಗೊತ್ತಾಗ್ಲಿಲ್ಲ. ನೀವು ಸತ್ತೇ ಹೋಗಿದ್ರೆ...?"

ಬೈಯುತ್ತಾನೆ ಎಂದು ತಲೆ ತಗ್ಗಿಸಿದಳು.

"ಹಂಗಾದ್ರೆ ಇನ್ನೊಂದು ಕೆತ್ತಿಕೊಡಿ."

"ಏನು?!"

"ತಪ್ಪೆಲ್ಲಿ ಆಯ್ತು ಅಂತ ನಿಮ್ಗೆ ಗೊತ್ತಾಗೈತಲ್ಲ. ಇನ್ಮೇಲೆ ಸರಿಯಾಗೇ ಕೆತ್ತೀರಿ ಬುಡಿ."

ಇಂಥ ಮನುಷ್ಯನೂ ಇರುತ್ತಾನಾ!

ಅವನ ಹೆಸರು ದಯಾನಂದ. ತಿಪಟೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಬೈಕಿನಿಂದ ಬಿದ್ದು ಕಾಲು ಮುರಿದಿತ್ತು ಎಂದಷ್ಟೇ ಹೇಳಿದ. ಹೇಗೆ ಬಿದ್ದ ಎಂದು ಕೇಳಿದರೆ ಮಾತು ಬೇರೆಡೆಗೆ ತಿರುಗುತ್ತಿತ್ತು.

ಅಟ್ಟದ ನೆರಳಲ್ಲಿ ಅವಳು ಮರೆತೇಬಿಟ್ಟಿದ್ದ ಸೀಬೆ ಕೊಂಬೆಗಳು ಹದವಾಗಿ ಒಣಗಿದ್ದವು. ಭಾನುವಾರ ಬಂತೆಂದರೆ ದಯಾನಂದ ತನ್ನ ಅಂಗಡಿಯ ಅರ, ಸ್ಯಾಂಡ್ ಪೇಪರ್ ಹಿಡಿದು ಕ್ರಾಸಿಗೆ ಬರುತ್ತಿದ್ದ. ಹಿತ್ತಲ ತೆಂಗಿನ ನೆರಳಲ್ಲಿ ಇಬ್ಬರೂ ಕಲಿತರು. ಕಲಿತದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು! ಗಂಟು ಬಂದಲ್ಲಿ ಚಾಕು ಜಾರಿ ಅವನ ಹೆಬ್ಬೆರಳು ಕುಯ್ದಿತು. ಅವಳು ಕೆತ್ತಿದ ನವಿಲನ್ನು ನೋಡಿ ಅಪ್ಪ, "ಒಂಟೆ ಚೆನ್ನಾಗೈತೆ ಕಣಮ್ಮ" ಅಂದುಬಿಟ್ಟ.

ಕೊನೆಗೊಂದು ದಿನ, ಕೊಬ್ಬರಿ ಎಣ್ಣೆ ಕುಡಿದು ಮಿನುಗುವ ನೆಟ್ಟನೆಯ ಕೋಲು ದಯಾನಂದನ ಕೈಗೆ ಬಂತು. ಅವನು ಅದನ್ನು ಊರಿ ಹಿತ್ತಲೆಲ್ಲ ನಡೆದ. ಅವಳ ಉಸಿರೂ ಅವನ ಹಿಂದೆಯೇ ನಡೆಯಿತು.

'ಇವರು ನಡೆಯೋದನ್ನ ದಿನಾ ಹೀಗೇ ನೋಡ್ತಾ ಇರಬೇಕು...' ಅಂದುಕೊಂಡವಳೇ ಬೆಚ್ಚಿಬಿದ್ದಳು. ಅಯ್ಯೋ, ಇದೇನಾಯ್ತು ನನಗೆ!

"ಇನ್ನೊಂದು ಬೇಕಿತ್ತು ಟೀಚರ್," ಅವನು ಎಲ್ಲೋ ನೋಡುತ್ತ ಕೇಳಿದ. "ಒಬ್ರು ಹೆಣ್ಮಗಳಿಗೆ. ನಿಮ್ಮಷ್ಟೇ ಎತ್ತರ."

"ಯಾರಿಗೆ?"

"ಆಮೇಲೆ ಹೇಳ್ತೀನಿ."

ಆ ಕೋಲಿಗೆ ಅವಳು ಜೀವ ತೇದಳು. ಗಾಜಿನ ಚೂರಿನಿಂದ ಹೆರೆದು ರೇಷ್ಮೆಯಂತೆ ನುಣುಪು ಮಾಡಿದಳು. ಅದನ್ನು ಒಯ್ಯಲು ಬಂದದ್ದು ದಯಾನಂದ ಅಲ್ಲ, ಅವನ ತಾಯಿ ಪುಟ್ಟಗೌರಮ್ಮ.

"ಎಷ್ಟು ಚೆನ್ನಾಗೈತವ್ವ! ನನ್ನ ಸೊಸೆ ಆಗೋಳಿಗೆ ಕಣವ್ವ ಇದು. ಚಿಕ್ಕನಾಯಕನಹಳ್ಳಿ ಬೆಟ್ಟಸ್ವಾಮಿ ಮಗಳು, ಮಧುಶ್ರೀ ಅಂತ. ನಿಶ್ಚಿತಾರ್ಥ ಆಗಿತ್ತು. ಇವನೇ ಬೈಕಲ್ಲಿ ಕೂರಿಸ್ಕೊಂಡು ಹೋಗ್ತಿದ್ದಾಗ ಕಂದಿಕೆರೆ ಹತ್ರ ಕುರಿಮಂದೆ ಅಡ್ಡ ಬಂತು. ಪಾಪ, ಆ ಹುಡ್ಗಿ ಮಂಡಿ ಇನ್ನು ಮಡಚಾಕಾಗಲ್ಲ. ಆದ್ರೂ ಅವಳನ್ನೇ ಆಗ್ತೀನಿ ಅಂತ ನನ್ನ ಮಗ ಅವರಪ್ಪಂಗೆ ಮಾತು ಕೊಟ್ಟವ್ನೆ."

ಗಿರಿಜಾಳ ಕಿವಿ ಗುಂಯ್ಗುಟ್ಟಿತು. ನಿಶ್ಚಿತಾರ್ಥ...? ಇಷ್ಟು ಭಾನುವಾರ ಎದುರಿಗೇ ಕೂತಿದ್ದು, ಒಂದು ಮಾತು ಹೇಳಲಿಲ್ಲವಲ್ಲ!

'ಅವರೇನು ನನಗೆ ಆಸೆ ಹುಟ್ಟಿಸಿದ್ರಾ? ನಾನೇ ಮರುಳಾದೆ...'

ಆದರೂ ಕೋಲನ್ನು ಮಾತ್ರ ಬಿಟ್ಟುಕೊಡಲಿಲ್ಲ. "ಅಮ್ಮಾ, ಇದನ್ನ ನಾನೇ ತಗೊಂಡು ಹೋಗ್ತೀನಿ. ಅವರ ಕೈಗೆ ಸರಿಹೋಗುತ್ತಾ ಅಂತ ನೋಡದೆ ಕೊಡಲ್ಲ. ಒಂದ್ಸಲ ಆಗಿದ್ದು ಸಾಕು."

ಮಾರನೇ ದಿನ ಚಿಕ್ಕನಾಯಕನಹಳ್ಳಿಯ ಆ ಮನೆಯ ಬಾಗಿಲು ತೆರೆದದ್ದು, ಗೋಡೆ ಹಿಡಿದು ನಿಂತ ಮಧುಶ್ರೀಯೇ. ಕೋಲು ನೋಡಿದ್ದೇ ತಡ, ಅವಳ ಮುಖ ಅರಳಿತು.

"ನೀವೇನಾ ಗಿರಿಜಾ ಟೀಚರ್! ಬನ್ನಿ ಒಳಗೆ!"

"ನಾನು... ನಿಮ್ಗೆ ಹೆಂಗೆ ಗೊತ್ತು?"

"ದಯಾನಂದ್ ಇಲ್ಲಿಗೆ ಬಂದಾಗ ಮಾತಾಡೋದು ನಿಮ್ಮ ವಿಷ್ಯ ಒಂದೇ. ಒಂಟೆಯಂಥ ನವಿಲಿನ ಕಥೆ ಹೇಳಿ ಎಷ್ಟು ನಗ್ತಾರೆ ಗೊತ್ತಾ!"

ಗಿರಿಜಾ ಬಾಗಿ ಕೋಲಿನ ಅಳತೆ ನೋಡಿದಳು. ಹಿಡಿ ಸರಿಯಾಗಿ ಮಣಿಕಟ್ಟಿನ ಮಟ್ಟಕ್ಕಿತ್ತು. "ನಿಮ್ಮ ಮದುವೆಗೆ ನಂದೇ ಉಡುಗೊರೆ ಅಂದ್ಕೊಳಿ," ಅಂದಳು, ಹೇಗೋ.

"ಮದುವೆನಾ?" ಮಧುಶ್ರೀ ಕೋಲೂರಿ ನೆಟ್ಟಗೆ ನಿಂತಳು. "ನಾನು ಆಗಲ್ಲ ಅಂತ ಆವತ್ತಿಂದ ಹೇಳ್ತಾನೇ ಇದೀನಿ. ಯಾರೂ ಕೇಳಿಸ್ಕೊಳ್ತಿಲ್ಲ!"

ಬಾಗಿದ್ದ ಗಿರಿಜಾ ತಲೆಯೆತ್ತಿದಳು.

"ಅವರು ಒಳ್ಳೆಯವರೇ ಕಣ್ರೀ. ಆದ್ರೆ ನನ್ನ ಮುಖ ನೋಡಲ್ಲ, ಬರೀ ಕಾಲು ನೋಡ್ತಾರೆ. ಜೀವಮಾನವೆಲ್ಲ ಒಬ್ಬರ ಪಶ್ಚಾತ್ತಾಪದ ಜೊತೆ ಸಂಸಾರ ಮಾಡ್ಲಾ? ತುಮಕೂರಲ್ಲಿ ಬಿ.ಎಡ್. ಸೀಟು ಸಿಕ್ಕೈತೆ. ಈ ಕೋಲು ಊರ್ಕೊಂಡೇ ಕ್ಲಾಸಿಗೆ ಹೋಗ್ತೀನಿ."

ಬಾಗಿಲಲ್ಲಿ ಯಾರೋ ಏದುಸಿರು ಬಿಟ್ಟಂತಾಯಿತು.

ದಯಾನಂದ! ತಾಯಿಯಿಂದ ವಿಷಯ ತಿಳಿದು ಬಂದಿದ್ದವನು, ಎಲ್ಲವನ್ನೂ ಕೇಳಿಸಿಕೊಂಡು ಬೆವತು ನಿಂತಿದ್ದ. ಅವನ ಹಿಂದೆ, ಹೊಲದಿಂದ ಬಂದ ಬೆಟ್ಟಸ್ವಾಮಿ.

"ಮಧು... ನಾನು ನಿಮ್ಮಪ್ಪಂಗೆ ಮಾತು ಕೊಟ್ಟಿದೀನಿ..."

"ನನ್ನನ್ನ ಕೇಳಿ ಕೊಟ್ರಾ?"

ಆ ಪ್ರಶ್ನೆಯನ್ನು ದಯಾನಂದ ತನಗೆ ತಾನೇ ಎಂದೂ ಕೇಳಿಕೊಂಡಿರಲಿಲ್ಲ.

ಬೆಟ್ಟಸ್ವಾಮಿ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ನನ್ನ ಮಗಳು ಹೇಳೋದು ಕಿವಿಗೆ ಬಿದ್ದೇ ಇತ್ತು ಕಣಪ್ಪ. ಇನ್ಯಾರು ಕೈ ಹಿಡೀತಾರೆ ಅನ್ನೋ ಭಯಕ್ಕೆ ಕಿವುಡನಂಗಿದ್ದೆ. ಓದ್ಲಿ. ನಿನ್ನ ಮಾತು ನಿಂಗೇ ವಾಪಸ್ ಕೊಟ್ಟೆ, ಹೋಗು."

ಮಧುಶ್ರೀ ತಂದೆಯ ತೋಳು ಹಿಡಿದುಕೊಂಡು ಬಿಕ್ಕಿದಳು. ಗಿರಿಜಾ ಮೆಲ್ಲನೆ ಹೊರಬಂದು ಜಗಲಿಯ ಮೇಲೆ ಕೂತಳು.

ಸ್ವಲ್ಪ ಹೊತ್ತಿಗೆ ದಯಾನಂದ ಬಂದು, ಒಂದು ಮಾರು ದೂರದಲ್ಲಿ ಕೂತ.

"ನನ್ಹತ್ರ ಯಾಕ್ರೀ ಮುಚ್ಚಿಟ್ರಿ?" ಅವಳ ದನಿ ಒಡೆಯಿತು. "ನಾನೇನಂದ್ಕೊಂಡಿದ್ದೆ ಗೊತ್ತಾ ನಿಮ್ಗೆ?"

"ಹೇಳಿದ್ರೆ ಆ ಭಾನುವಾರಗಳು ನಿಂತುಹೋಗ್ತಿದ್ವು. ಒಬ್ಬಳ ಕಾಲು ಮುರಿದವನಿಗೆ ಇಷ್ಟು ಸಂತೋಷ ಯಾವ ನ್ಯಾಯ ಅಂತ ದಿನಾ ನನ್ನನ್ನ ನಾನೇ ಬೈಕೊಳ್ತಿದ್ದೆ. ಆದ್ರೂ ಬರೋದು ಬಿಡೋಕಾಗ್ಲಿಲ್ಲ." ಅವನು ಅವಳ ಕಡೆ ತಿರುಗಿದ. "ತಪ್ಪು ಮಾಡಿದೀನಿ ಗಿರಿಜಾ. ಆದ್ರೆ ನೀನಂದ್ರೆ ನನಗೆ ಪ್ರಾಣ."

ಬಯಸಿದ್ದ ಮಾತೇ ಆದರೂ ಹೀಗೆ ನೇರವಾಗಿ ಬಂದು ಬೀಳುತ್ತದೆಂದು ಅವಳು ಎಣಿಸಿರಲಿಲ್ಲ. ಕೆನ್ನೆ ಮೇಲೆ ನೀರು ಇಳಿಯುತ್ತಲೇ ಇತ್ತು.

"ಈಗ್ಲೇ ಉತ್ರ ಬೇಡ," ಅವನು ಗಾಬರಿಯಾದ. "ಯೋಚ್ನೆ ಮಾಡಿ ಹೇಳು."

"ಹೂಂ."

"ಹೂಂ ಅಂದ್ರೆ... ಯೋಚ್ನೆ ಮಾಡ್ತೀನಿ ಅಂತಾನಾ?"

"ಅಲ್ಲ ಕಣ್ರೀ. ಹೂಂ ಅಂದ್ರೆ ಹೂಂ. ಇನ್ನೊಂದ್ಸಲ ಕೇಳಿದ್ರೆ ಹೇಳಲ್ಲ ನೋಡಿ."

ಅವನು ಇನ್ನೊಂದು ಸಲ ಕೇಳಿದ.

ಅವಳು ಇನ್ನೊಂದು ಸಲ ಹೇಳಿದಳು.