ಒಂದೇ ಉತ್ತರ ಬಂದ ಲೆಕ್ಕ

ಅವನು ಕಟ್ಟಿದ ಮೊದಲ ಲೆಕ್ಕವೇ ತಪ್ಪಾಗಿತ್ತು.

ಒಬ್ಬ ಮನುಷ್ಯ ತನ್ನ ಐವತ್ತು ಸಾವಿರವನ್ನು ಎರಡು ಪಾಲು ಮಾಡಿ, ಒಂದನ್ನು ಆರು ಪರ್ಸೆಂಟಿಗೆ, ಇನ್ನೊಂದನ್ನು ಎಂಟು ಪರ್ಸೆಂಟಿಗೆ ಹಾಕುತ್ತಾನೆ. ವರ್ಷಕ್ಕೆ ಒಟ್ಟು ಬಡ್ಡಿ ನಾಲ್ಕು ಸಾವಿರದ ಇನ್ನೂರು. ಯಾವ ಪಾಲು ಎಷ್ಟು?

ಇಡೀ ಹಣವನ್ನು ಎಂಟಕ್ಕೇ ಹಾಕಿದರೂ ನಾಲ್ಕು ಸಾವಿರ ದಾಟುವುದಿಲ್ಲ. ಅದನ್ನು ಬಿಡಿಸಿ ನೋಡಬೇಕಾದವಳು ಆದರೂ ಬಿಡದೆ ಕೊನೆಯವರೆಗೆ ಹೋಗಿ, ಕೆಳಗೆ ಬರೆದಳು: "ಈ ಮನುಷ್ಯ ಆರು ಪರ್ಸೆಂಟಿಗೆ ಮೈನಸ್ ಹತ್ತು ಸಾವಿರ ಹಾಕಬೇಕು. ಬ್ಯಾಂಕಿನವರು ಒಪ್ಪುತ್ತಾರೆಯೇ, ಕೇಳಿ ನೋಡಿ."

ಸಂಪಾದಕಿ ಅದನ್ನು ಜೋರಾಗಿ ಓದಿದಾಗ ಇಬ್ಬರ ಮೇಜುಗಳ ನಡುವಿನ ಮಬ್ಬುಗಾಜಿನ ಆಚೆಯಿಂದ ಅವನ ನಗು ಕೇಳಿಸಿತು. ತಪ್ಪು ತೋರಿಸಿದರೆ ಮುಖ ಊದಿಸಿಕೊಳ್ಳುವ ಗಂಡಸರನ್ನೇ ಕಂಡಿದ್ದ ಅವಳಿಗೆ ಆ ನಗು ದಿನವಿಡೀ ಕಿವಿಯಲ್ಲಿ ಉಳಿಯಿತು.

ಆ ಪಠ್ಯಪುಸ್ತಕದ ಆಫೀಸಿನಲ್ಲಿ ಗಣಿತ ವಿಭಾಗಕ್ಕೊಂದು ಕಟ್ಟುಪಾಡು ಇತ್ತು. ಲೆಕ್ಕ ಕಟ್ಟುವವನು ತನ್ನ ಉತ್ತರವನ್ನು ಸಂಪಾದಕಿಗೆ ಕೊಡಬೇಕು. ಬಿಡಿಸುವವಳು ಅದನ್ನು ನೋಡದೆ ತನ್ನ ಉತ್ತರ ತೆಗೆಯಬೇಕು. ಎರಡೂ ತಾಳೆಯಾದರೆ ಮಾತ್ರ ಲೆಕ್ಕ ಪುಸ್ತಕಕ್ಕೆ ಹೋಗುತ್ತದೆ. ಪುಸ್ತಕ ಮುಗಿಯುವವರೆಗೆ ಇಬ್ಬರೂ ತಮ್ಮಲ್ಲಿ ಮಾತಾಡುವಂತಿಲ್ಲ. ಮಾತಾಡಿದರೆ ಒಬ್ಬರ ಯೋಚನೆ ಇನ್ನೊಬ್ಬರಿಗೆ ಅಂಟುತ್ತದೆ ಎನ್ನುವುದು ಸಂಪಾದಕಿಯ ನಂಬಿಕೆ. ಎಲ್ಲರೂ ಆಕೆಯನ್ನು ದೊಡ್ಡಕ್ಕ ಎನ್ನುತ್ತಿದ್ದರು. ಆಕೆಯ ಮಾತಿಗೆ ಎದುರಾಡುವವರು ಅಲ್ಲಿ ಯಾರೂ ಇರಲಿಲ್ಲ.

ಹಾಗಾಗಿ ಅವನು ಅವಳಿಗೆ ಗಾಜಿನ ಮೇಲಿನ ಒಂದು ನೆರಳಾಗಿಯೇ ಉಳಿದ. ಯೋಚಿಸುವಾಗ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸುವ, ಆಮೇಲೆ ಅದೇ ಪೆನ್ಸಿಲಿಗಾಗಿ ಮೇಜೆಲ್ಲ ತಡಕಾಡುವ ನೆರಳು. ಕಿವಿ ಹಿಂದೆ ನೋಡಿಕೊಳ್ಳಿ ಎಂದು ಹೇಳುವ ಆಸೆ ಅವಳ ನಾಲಿಗೆಯ ತುದಿಗೆ ಬಂದು ಹೋಗುತ್ತಿತ್ತು.

ಚಹಾದ ಹೊತ್ತಿಗೆ ಇಬ್ಬರೂ ಉದ್ದನೆಯ ಕಿಟಕಿಯ ಎರಡು ತುದಿಗಳಲ್ಲಿ ನಿಲ್ಲುತ್ತಿದ್ದರು. ಅವನು ಹೊರಗಿನ ಮರ ನೋಡುವ ನೆಪದಲ್ಲಿ ಗಾಜಿನಲ್ಲಿ ಕಾಣುವ ಅವಳನ್ನು ನೋಡುತ್ತಿದ್ದ. ಅವಳಿಗೆ ಅದು ಗೊತ್ತಾಗುತ್ತಿತ್ತು, ಯಾಕೆಂದರೆ ಅವಳೂ ಮರ ನೋಡುತ್ತಿರಲಿಲ್ಲ. ಕಣ್ಣು ಕೂಡಿದ ಕ್ಷಣ ಇಬ್ಬರೂ ಆರಿದ ಚಹಾವನ್ನು ಊದುತ್ತಿದ್ದರು.

ಬರಬರುತ್ತಾ ಅವನ ಲೆಕ್ಕಗಳಲ್ಲಿ ಮನುಷ್ಯರು ಬದುಕತೊಡಗಿದರು. "ಕಿಟಕಿಯ ಬಳಿ ನಿಲ್ಲುವುದನ್ನು ಇಷ್ಟಪಡುವ ಒಬ್ಬಾಕೆ ತನ್ನ ಹಣದ ಒಂದು ಪಾಲನ್ನು ಏಳು ಪರ್ಸೆಂಟಿಗೆ..." ಎಂದು ಶುರುವಾಗುವ ಲೆಕ್ಕ ಬಂತು. ಬಡ್ಡಿಗೆ ಕಿಟಕಿ ಯಾಕೆ ಎಂದು ದೊಡ್ಡಕ್ಕ ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿದಳು. ಆದರೆ ಅಷ್ಟರಲ್ಲಿ ಓದಬೇಕಾದವಳು ಓದಿಯಾಗಿತ್ತು. "ಆಕೆಯ ಮೊದಲ ಪಾಲು ಎಕ್ಸ್ ಆಗಿರಲಿ" ಎಂದು ಬರೆಯುವಾಗ ಅವಳ ಅಕ್ಷರ ಎಂದಿಗಿಂತ ದುಂಡಗಾಗಿತ್ತು. ಮನೆಯಲ್ಲಿ ಅಮ್ಮ, ಲೆಕ್ಕ ಮಾಡುವವರು ಹೀಗೆ ತಮ್ಮಷ್ಟಕ್ಕೆ ನಗುವುದನ್ನು ತಾನು ಎಲ್ಲೂ ಕಂಡಿಲ್ಲ ಎಂದು ಕಿಚಾಯಿಸಿದಳು.

ಪುಸ್ತಕ ಇನ್ನೇನು ಮುಗಿಯಬೇಕು ಎನ್ನುವಾಗ ಇಬ್ಬರಿಗೂ ದೊಡ್ಡಕ್ಕನ ಕೋಣೆಯಿಂದ ಕರೆ ಬಂತು. ಒಂದೇ ಬಾಗಿಲಲ್ಲಿ ಇಬ್ಬರೂ ಜೊತೆಯಾಗಿ ಒಳಹೋದದ್ದು ಅದೇ ಮೊದಲು. ಅವನ ತೋಳು ಅವಳ ತೋಳಿಗೆ ತಾಗಿಯೂ ತಾಗದಂತೆ ಸರಿಯಿತು.

ಮೇಜಿನ ಮೇಲೆ ಒಂದು ಲೆಕ್ಕವಿತ್ತು. ಇಬ್ಬರು ಸೇರಿ ಎಂಬತ್ತು ಸಾವಿರ ಹೂಡುತ್ತಾರೆ. ಅವನ ಹಣ ವರ್ಷಕ್ಕೆ ಆರು ಪರ್ಸೆಂಟಿಗೆ, ಅವಳ ಹಣ ಎಂಟಕ್ಕೆ. ಆರು ತಿಂಗಳಲ್ಲಿ ಇಬ್ಬರಿಗೂ ಸೇರಿ ಐದು ಸಾವಿರದ ನಾನೂರು ಬಡ್ಡಿ ಬರುತ್ತದೆ. ಯಾರ ಹಣ ಎಷ್ಟು?

ಅವನ ಉತ್ತರ: ಅವನದು ಐವತ್ತು ಸಾವಿರ, ಅವಳದು ಮೂವತ್ತು. ಅವಳ ಉತ್ತರವೂ ಅದೇ.

"ಆರು ತಿಂಗಳಿಗೆ ಇಷ್ಟು ಬಡ್ಡಿ ಕೊಡೋ ಬ್ಯಾಂಕ್ ಇದ್ರೆ ನಂಗೂ ಹೇಳಿ," ಎಂದಳು ದೊಡ್ಡಕ್ಕ. "ಇದು ಪೂರ್ತಿ ಒಂದು ವರ್ಷದ ಬಡ್ಡಿ."

ಅವಳ ಕಿವಿ ಬಿಸಿಯಾಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕಾದವಳು ತಾನು.

ಒಬ್ಬರು ತಪ್ಪಿದರೆ ಚಿಂತೆಯಿಲ್ಲ, ಅದಕ್ಕೇ ಇನ್ನೊಬ್ಬರು ಇರುವುದು ಎಂದಳು ದೊಡ್ಡಕ್ಕ. ಇಬ್ಬರೂ ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡಿದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. "ನಂಗೆ ಬೇಕಿರೋದು ಎರಡು ತಲೆ. ನೀವಿಬ್ಬರೂ ಒಂದೇ ತಲೆ ಆಗಿಬಿಟ್ಟಿದೀರಿ ಅನ್ಸುತ್ತೆ. ಹಾಗಿದ್ರೆ ಒಬ್ಬರು ಈ ವಿಭಾಗ ಬಿಡಬೇಕು. ಇಲ್ಲಾಂದ್ರೆ ಬರೀ ಗಮನ ತಪ್ಪಿತ್ತು ಅಂತ ಹೇಳಿ, ಈ ಒಂದು ಸಲ ನಂಬ್ತೀನಿ. ಇಬ್ಬರೂ ನಿಮ್ಮ ನಿಮ್ಮ ಕುರ್ಚಿಗೆ ಹೋಗಿ."

ಗಮನ ತಪ್ಪಿತ್ತು ಎಂದರೆ ಸಾಕು, ಎಲ್ಲವೂ ಮೊದಲಿನಂತೆ ಇರುತ್ತದೆ. ವರ್ಷಗಟ್ಟಲೆ ದರಪಟ್ಟಿಗಳ ಕರಡಚ್ಚು ತಿದ್ದಿ ಬೇಸತ್ತವಳಿಗೆ ಈ ಕುರ್ಚಿ ಸಿಕ್ಕಿತ್ತು. ಬೆಳಿಗ್ಗೆ ಎದ್ದರೆ ಆಫೀಸಿಗೆ ಓಡುವ ಮನಸ್ಸಾಗುವಂಥ ಕೆಲಸ ಎಷ್ಟು ಜನರಿಗೆ ಸಿಗುತ್ತದೆ? ಅದನ್ನು ಕಳೆದುಕೊಳ್ಳಲು ಅವಳಿಗೆ ನಿಜವಾಗಿಯೂ ಭಯವಾಯಿತು.

ಅವನು ಅವಳನ್ನೇ ನೋಡುತ್ತಿದ್ದ. ನೀವು ಏನು ಹೇಳಿದರೂ ನನ್ನದೂ ಅದೇ ಎನ್ನುವಂಥ ನೋಟ. ನಡುವೆ ಗಾಜಿಲ್ಲದೆ ಅಷ್ಟು ಹತ್ತಿರದಿಂದ ಅವಳು ಅವನನ್ನು ಕಂಡಿರಲಿಲ್ಲ. ಎಡಗಣ್ಣಿನ ಪಕ್ಕದಲ್ಲೊಂದು ಪುಟ್ಟ ಮಚ್ಚೆ ಇತ್ತು. ಇಷ್ಟು ದಿನ ಇದು ಕಾಣದೇ ಹೋಯಿತಲ್ಲ ಎಂದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಬೇಜಾರಾಯಿತು.

"ಗಮನ ತಪ್ಪಿರ್ಲಿಲ್ಲ ದೊಡ್ಡಕ್ಕ," ಎಂದಳು. "ಆರು ತಿಂಗಳು ಅನ್ನೋದನ್ನ ನಾನು ಓದಿದೆ. ಮತ್ತೆ ಮತ್ತೆ ಓದಿದೆ. ಇವರು ಇಲ್ಲಿಗೆ ಬಂದು ಆರು ತಿಂಗಳೇ ಆಯ್ತಲ್ಲ, ನನ್ನ ಹಾಗೆ ಇವರೂ ದಿನ ಎಣಿಸ್ತಿದಾರೇನೋ ಅಂದ್ಕೊಂಡೆ. ಆಮೇಲೆ ಲೆಕ್ಕ ನೆನಪೇ ಆಗ್ಲಿಲ್ಲ."

ಅವನು ತಲೆ ತಗ್ಗಿಸಿ, ಮೆಲ್ಲಗೆ ಹೇಳಿದ: "ಮೊದಲು ಒಂದು ವರ್ಷ ಅಂತಾನೇ ಬರೆದಿದ್ದೆ. ಇವರು ಓದ್ಲಿ ಅಂತ ಅಳಿಸಿ ಆರು ತಿಂಗಳು ಮಾಡಿದೆ."

ದೊಡ್ಡಕ್ಕ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದಳು. ಲೆಕ್ಕ ಕಟ್ಟುವವರು ಬೀದಿಗೊಬ್ಬರು ಸಿಗುತ್ತಾರೆ, ತಪ್ಪು ಹಿಡಿಯುವವರು ಸಿಗುವುದು ಕಷ್ಟ ಎಂದಳು. ಆದ್ದರಿಂದ ನಾಳೆಯಿಂದ ಅವನು ಮೇಲಿನ ಮಹಡಿಯಲ್ಲಿ ಭೂಪಟಗಳಿಗೆ ಹೆಸರು ಬರೆಯಬೇಕು. ಅವನ ಮುಖದಲ್ಲಿ ಒಂದು ನೋವು ಹಾದುಹೋಯಿತು. ಲೆಕ್ಕ ಕಟ್ಟುವುದೆಂದರೆ ಅವನಿಗೂ ಜೀವವಾಗಿತ್ತು. ತಾನೇ ಹೋಗುತ್ತೇನೆ ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ, ಅವನು ಆಗಲಿ ಎಂದು ಒಪ್ಪಿಬಿಟ್ಟಿದ್ದ.

ಹೊರಗೆ ಉದ್ದನೆಯ ಪಡಸಾಲೆ. ಸಂಜೆಯ ಬಿಸಿಲು ನೆಲದ ಮೇಲೆ ಮಲಗಿತ್ತು. ಇಬ್ಬರೂ ಅಕ್ಕಪಕ್ಕದಲ್ಲಿ ನಡೆದರು, ಇಷ್ಟೂ ದಿನ ಕೂಡಿಟ್ಟ ಮಾತುಗಳಲ್ಲಿ ಒಂದೂ ನೆನಪಾಗದೆ.

ಮೆಟ್ಟಿಲ ಬಳಿ ಅವನು ನಿಂತ. "ಇನ್ಮೇಲೆ ಮಾತಾಡಬಹುದಾ?" ಎಂದು ಕೇಳಿದ.

"ಮಾತಾಡಿ," ಎಂದಳು ಅವಳು. "ತಪ್ಪಾದ್ರೂ ಪರವಾಗಿಲ್ಲ, ನಾನು ತಿದ್ದಲ್ಲ."